ಮನೆಗೆ ಅಗ್ಗದ ಲ್ಯಾಪ್‌ಟಾಪ್: ಆಮೇಲೆ ಬದಲಾಯಿಸಲು ಆಗದ್ದನ್ನು ಮೊದಲು ನೋಡಿ

ಅಕ್ಕನ ಮನೆಗೆ ಮೊದಲ ಲ್ಯಾಪ್‌ಟಾಪ್ ಆರಿಸಿಕೊಟ್ಟವನು ನಾನು. ಹೊಚ್ಚ ಹೊಸದು, ತೆಳ್ಳಗೆ ಹಗುರವಾಗಿತ್ತು, ಬೆಲೆಯೂ ಕೈಗೆಟುಕುವಂತಿತ್ತು. 4 ಜಿಬಿ ರ‍್ಯಾಮ್ (ತೆರೆದಿರುವ ಕೆಲಸಗಳು ಕೂರುವ ಜಾಗ), 64 ಜಿಬಿ ಸ್ಟೋರೇಜ್ (ಫೈಲ್‌ಗಳನ್ನು ಉಳಿಸಿಡುವ ಜಾಗ). ಮಕ್ಕಳ ಪಾಠ, ಒಂದಿಷ್ಟು ಟೈಪಿಂಗ್, ಬಿಲ್ ಕಟ್ಟುವುದು, ಸಂಜೆ ಒಂದು ವಿಡಿಯೊ ಕರೆ. ಇಷ್ಟಕ್ಕೆ ಧಾರಾಳವಾಗಿ ಸಾಕು ಅಂದುಕೊಂಡಿದ್ದೆ. ವರ್ಷ ತುಂಬುವ ಮೊದಲೇ ಅಪ್‌ಡೇಟ್‌ಗೆ ಜಾಗ ಸಾಲದೆ, ಪೆನ್‌ಡ್ರೈವ್ ಹಾಕಿ ಎಂದು ವಿಂಡೋಸ್ ಕೇಳತೊಡಗಿತು. ವಿಡಿಯೊ ಕರೆಯ ಜೊತೆಗೆ ಬ್ರೌಸರ್ ತೆರೆದರೆ ಎರಡೂ ನಿಂತುಬಿಡುತ್ತಿದ್ದವು. ರ‍್ಯಾಮ್ ಹೆಚ್ಚಿಸೋಣ ಎಂದು ಹಿಂಬದಿ ಬಿಚ್ಚಿದೆ. ರ‍್ಯಾಮ್, ಸ್ಟೋರೇಜ್ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿ ಕೂರಿಸಿದ್ದರು. ತೆಗೆಯುವ ಹಾಗಿಲ್ಲ, ಸೇರಿಸುವ ಹಾಗಿಲ್ಲ. ಮತ್ತೆ ಸ್ಕ್ರೂ ಹಾಕಿ ಮುಚ್ಚಿದೆ.

"ಇನ್ನೊಂಚೂರು ಜಾಸ್ತಿ ಹಾಕಿದ್ರೆ ಒಳ್ಳೇದು ಬರ್ತಿತ್ತು, ಅಲ್ವಾ?" ಎಂದು ಅಕ್ಕ ಕೇಳಿದಳು. ಬರುತ್ತಿತ್ತು. ನಿಜ ಹೇಳಬೇಕೆಂದರೆ ಅಷ್ಟೇ ದುಡ್ಡಿಗೂ ಇದಕ್ಕಿಂತ ಒಳ್ಳೆಯದು ಸಿಗುತ್ತಿತ್ತು. ಎಲ್ಲಿ ನೋಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ.

ಆಮೇಲೆ ಮನೆಯವರಿಗೆ, ಗೆಳೆಯರಿಗೆ ಅಂತ ಹಲವು ಲ್ಯಾಪ್‌ಟಾಪ್ ಆರಿಸಿಕೊಟ್ಟಿದ್ದೇನೆ. ಈಗ ನನ್ನ ಅಳತೆಗೋಲು ಒಂದೇ. ಆಮೇಲೆ ಬದಲಾಯಿಸಲು ಆಗದ್ದನ್ನು ಮೊದಲು ನೋಡಬೇಕು. ಪ್ರೊಸೆಸರ್, ಬೆಸುಗೆ ಹಾಕಿದ ರ‍್ಯಾಮ್, ಪರದೆ, ಕೀಬೋರ್ಡ್, ಮೈಕಟ್ಟು ಇವೆಲ್ಲ ಕೊಂಡ ದಿನ ಹೇಗಿದ್ದವೋ ಕೊನೆಯವರೆಗೂ ಹಾಗೇ ಇರುತ್ತವೆ. ಕೆಲವನ್ನು ಬದಲಾಯಿಸಲು ಆಗುವುದೇ ಇಲ್ಲ, ಇನ್ನು ಕೆಲವನ್ನು ಬದಲಾಯಿಸುವ ಖರ್ಚಿಗೆ ಅರ್ಥವಿರುವುದಿಲ್ಲ. ಎಸ್‌ಎಸ್‌ಡಿ (ಫೈಲ್‌ಗಳನ್ನು ಇಡುವ ಚುರುಕಾದ ಸ್ಟೋರೇಜ್), ಬ್ಯಾಟರಿ, ಸ್ಲಾಟ್‌ನಲ್ಲಿ ಕೂರುವ ರ‍್ಯಾಮ್ ಹಾಗಲ್ಲ. ಅವನ್ನು ಎರಡು ವರ್ಷ ಬಿಟ್ಟೂ ಹಾಕಿಸಿಕೊಳ್ಳಬಹುದು. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಅದು ಮೊದಲ ಗುಂಪಿಗೆ ಹೋಗಬೇಕು.

ಮನೆ ಬಳಕೆಗೆ ಅಂತ ಹೊರಟವರ ಮುಂದೆ ಸಾಮಾನ್ಯವಾಗಿ ಐದು ದಾರಿ ಇರುತ್ತವೆ. ತೀರಾ ಅಗ್ಗದ ಹೊಸ ಲ್ಯಾಪ್‌ಟಾಪ್, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಹೊಸದು, ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟದ್ದು, ಬ್ರೌಸರ್ ಸುತ್ತಲೇ ನಡೆಯುವ ಗೂಗಲ್‌ ವ್ಯವಸ್ಥೆಯ ಕ್ರೋಮ್‌ಬುಕ್, ಮನೆಯಲ್ಲೇ ಇರುವ ಹಳೆಯದನ್ನು ಸರಿಮಾಡಿಕೊಳ್ಳುವುದು. ಈ ಕೊನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಅದರಿಂದಲೇ ಶುರು ಮಾಡುತ್ತೇನೆ.

ಮೊದಲು ಮನೆಯ ಹಳೆಯದನ್ನು ನೋಡಿ

ಹಳೆಯ ಲ್ಯಾಪ್‌ಟಾಪ್ ನಿಧಾನವಾಯಿತು ಎಂದರೆ ಹತ್ತರಲ್ಲಿ ಎಂಟು ಸಲ ನಾನು ಕಂಡ ಕಾರಣ ಹಾರ್ಡ್ ಡಿಸ್ಕ್. ಅದರೊಳಗೆ ಗ್ರಾಮಫೋನ್ ತಟ್ಟೆಯಂಥದ್ದು ತಿರುಗುತ್ತಿರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು. ಒಂದು ಫೈಲ್ ಬೇಕೆಂದರೆ ಒಳಗಿನ ಮುಳ್ಳು ಆ ಜಾಗಕ್ಕೆ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಪ್ರತಿ ಸಲವೂ ಹತ್ತು ಮಿಲಿಸೆಕೆಂಡಿಗಿಂತ ಜಾಸ್ತಿ. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲ್‌ಗಳನ್ನು ಓದುತ್ತದೆ. ಅಷ್ಟು ಸಲವೂ ಆ ಕಾಯುವಿಕೆ ಇದ್ದೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಫೈಲ್ ಕೈಗೆ ಬರುತ್ತದೆ.

ಅಪ್ಪ ಬಳಸುವ ಹಳೆಯ ಲ್ಯಾಪ್‌ಟಾಪ್‌ಗೆ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಕೂರುವ ಬಗೆ) ಹಾಕಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಗುಂಡಿ ಒತ್ತಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅದು ತೆರೆದುಕೊಳ್ಳುತ್ತದೆ. ಮೊದಲು ಅವರು ಗುಂಡಿ ಒತ್ತಿ ಹೊರಗೆ ಹೋಗಿ ಬರುತ್ತಿದ್ದರು.

ಆದರೆ ಈ ದಾರಿಗೆ ಒಂದು ಮಿತಿ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಇರಬೇಕು. ನಿಮ್ಮದು ಐ5-7200ಯು ಆಗಿದ್ದರೆ ಆ ಗೆರೆಯ ಆಚೆ ಉಳಿಯುತ್ತದೆ. ಐ5-8250ಯು ಆಗಿದ್ದರೆ ಒಳಗೆ ಬರುತ್ತದೆ. ಗೆರೆಯ ಆಚೆ ಉಳಿದದ್ದನ್ನು ಎಸೆಯಬೇಕಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿದರೆ ಬ್ರೌಸರ್, ವಿಡಿಯೊ, ಲಿಬ್ರೆಆಫೀಸ್ ಎಲ್ಲ ಚೆನ್ನಾಗಿ ನಡೆಯುತ್ತವೆ. ಮಿಂಟ್, ಉಬುಂಟು, ಲಿಬ್ರೆಆಫೀಸ್ ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಪ್ರಿಂಟರ್, ಕ್ಯಾಮೆರಾ ಎಲ್ಲ ಕೆಲಸ ಮಾಡುತ್ತವೆಯೇ ಎಂದು ನೋಡಿ ಆಮೇಲೆ ಹಾಕಿಕೊಳ್ಳಬಹುದು.

ಪರದೆ ಒಡೆದಿದ್ದರೆ, ಕೀಲು ಕಿತ್ತು ಬಂದಿದ್ದರೆ, ರ‍್ಯಾಮ್ 4 ಜಿಬಿಯಲ್ಲೇ ಬೆಸೆದುಹೋಗಿದ್ದರೆ ಅದರ ಮೇಲೆ ಖರ್ಚು ಬೇಡ.

ತೀರಾ ಅಗ್ಗದ ಹೊಸದು

ಅಕ್ಕನ ಮನೆಯದು ಈ ಜಾತಿ. ಇವುಗಳ ಗುರುತು ಸುಲಭ. ಸ್ಟೋರೇಜ್ ಎದುರು ಇಎಂಎಂಸಿ ಎಂದು ಬರೆದಿರುತ್ತದೆ, 64 ಅಥವಾ 128 ಜಿಬಿ. ಫೋನು, ಕ್ಯಾಮೆರಾಗಳಲ್ಲಿ ಬಳಕೆಗೆ ಬಂದ ಚಿಪ್ ಇದು. ಚೆನ್ನಾಗಿರುವ ಇಎಂಎಂಸಿ ಸೆಕೆಂಡಿಗೆ 300 ಎಂಬಿ ಆಸುಪಾಸು ಓದುತ್ತದೆ. ಸಾಟಾ ಎಸ್‌ಎಸ್‌ಡಿ 550ರ ಹತ್ತಿರ ಹೋಗುತ್ತದೆ. ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿಯಾದರೆ ಎರಡು ಮೂರು ಸಾವಿರ ದಾಟುತ್ತದೆ. ವೇಗದ ಅಂತರವನ್ನು ಹೇಗೋ ಸಹಿಸಿಕೊಳ್ಳಬಹುದು. ಸಹಿಸಲು ಆಗದ್ದು ಜಾಗ. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ 64 ಜಿಬಿಯ ಅರ್ಧಕ್ಕಿಂತ ಜಾಸ್ತಿ ನುಂಗಿಬಿಡುತ್ತವೆ. ಉಳಿದದ್ದರಲ್ಲಿ ಫೋಟೊ, ಮಕ್ಕಳ ಪ್ರಾಜೆಕ್ಟು, ಡೌನ್‌ಲೋಡ್ ಎಲ್ಲ ಹಿಡಿಯಬೇಕು.

ಇವುಗಳ ಪ್ರೊಸೆಸರ್ ಹೆಚ್ಚಾಗಿ ಸೆಲೆರಾನ್ ಎನ್4020 ತರಹದ್ದು. ಎರಡೇ ಕೋರ್, ಅಂದರೆ ಒಳಗೆ ಕೆಲಸ ಮಾಡುವ ಘಟಕ ಎರಡೇ. ವಿಂಡೋಸ್ 11ರ ಪಟ್ಟಿಯಲ್ಲಿ ಅದಕ್ಕೂ ಜಾಗವಿದೆ, ಆದ್ದರಿಂದ ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ಇನ್‌ಸ್ಟಾಲ್ ಆಗುವುದು ಬೇರೆ, ನೆಮ್ಮದಿಯಾಗಿ ಕೆಲಸ ಮಾಡುವುದು ಬೇರೆ. ಇದೇ ವರ್ಗದಲ್ಲಿ 2023ರಿಂದ ಬರುತ್ತಿರುವ ಇಂಟೆಲ್ ಎನ್100 ಎಷ್ಟೋ ವಾಸಿ. ನಾಲ್ಕು ಕೋರ್, ವಿದ್ಯುತ್ ಬಳಕೆ ಬಹಳ ಕಡಿಮೆ, ಬಿಸಿಯೂ ಕಡಿಮೆ. 8 ಜಿಬಿ ರ‍್ಯಾಮ್, ನಿಜವಾದ ಎಸ್‌ಎಸ್‌ಡಿ ಇರುವ ಎನ್100 ಸಿಕ್ಕರೆ ಓದು, ಬರಹ, ವಿಡಿಯೊಗೆ ಅದು ಸಾಕು. ಅದಕ್ಕಿಂತ ಕೆಳಗೆ ಇಳಿಯಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ.

ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 'ಎಸ್ ಮೋಡ್'ನಲ್ಲಿ ಇರುತ್ತದೆ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್‌ಗಳು ಮಾತ್ರ ಇಳಿಯುತ್ತವೆ. ಇದಕ್ಕೆ ಹೆದರಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಉಚಿತವಾಗಿ ಅದರಿಂದ ಹೊರಗೆ ಬರಬಹುದು. ಒಮ್ಮೆ ಬಂದರೆ ಮತ್ತೆ ಒಳಗೆ ಹೋಗಲು ಆಗುವುದಿಲ್ಲ, ಅಷ್ಟೇ.

ಒಂದು ಮೆಟ್ಟಿಲು ಮೇಲೆ

ಹೊಸದೇ ಬೇಕು, ವಾರಂಟಿ ಬೇಕು ಎನ್ನುವವರಿಗೆ ಸರಿಯಾದ ಜಾಗ ಇದು. ಇಂಟೆಲ್ ಕೋರ್ ಐ3, ಎಎಂಡಿಯ ರೈಝೆನ್ 3 ಮತ್ತು ರೈಝೆನ್ 5, 8 ಜಿಬಿ ರ‍್ಯಾಮ್, 256 ಅಥವಾ 512 ಜಿಬಿ ಎಸ್‌ಎಸ್‌ಡಿ. ಕಾಗದದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಒಳಗೆ ಬಹಳ ವ್ಯತ್ಯಾಸವಿದೆ.

ಪ್ರೊಸೆಸರ್ ಹೆಸರನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಪೂರ್ತಿ ನಂಬರ್ ಓದಬೇಕು. ರೈಝೆನ್ 5 7520ಯು ಮತ್ತು ರೈಝೆನ್ 5 7530ಯು ಎರಡನ್ನೂ ಪಕ್ಕ ಪಕ್ಕ ಇಡಿ. ಹೆಸರಿನಲ್ಲಿ ಒಂದೇ ಒಂದು ಅಂಕಿ ಬೇರೆ. ಮೊದಲನೆಯದರಲ್ಲಿ ನಾಲ್ಕು ಕೋರ್, ಒಳಗಿನ ವಿನ್ಯಾಸ 2019ರ ಝೆನ್ 2. ಎರಡನೆಯದರಲ್ಲಿ ಆರು ಕೋರ್, ವಿನ್ಯಾಸ ಝೆನ್ 3. ಈ 7000 ಸಾಲಿನಲ್ಲಿ ಮೂರನೇ ಅಂಕಿಯೇ ವಿನ್ಯಾಸದ ತಲೆಮಾರನ್ನು ಹೇಳುತ್ತದೆ. ಮೊದಲ ಅಂಕಿ 7 ಇದೆ ಅಂದ ಮಾತ್ರಕ್ಕೆ ಒಳಗೆ ಎಲ್ಲವೂ ಹೊಸದು ಎಂದು ತಿಳಿಯಬೇಡಿ. ಇನ್ನೊಂದು ಮಾತು ನನ್ನ ಅಳತೆಗೋಲಿಗೆ ನೇರ ಸಂಬಂಧಪಟ್ಟದ್ದು. 7520ಯು ಮತ್ತು ಅದರ ತಮ್ಮ ರೈಝೆನ್ 3 7320ಯು ಬಳಸುವುದು ಎಲ್‌ಪಿಡಿಡಿಆರ್5 ರ‍್ಯಾಮ್. ಅದು ಬೋರ್ಡಿಗೆ ಬೆಸೆದೇ ಬರುತ್ತದೆ. 8 ಜಿಬಿ ಕೊಂಡರೆ ಕೊನೆಯವರೆಗೂ 8 ಜಿಬಿಯೇ.

ಅದಕ್ಕೇ ಈ ಮೆಟ್ಟಿಲಲ್ಲಿ ನಾನು ಹೆಚ್ಚು ಸಲ ಐ3-1215ಯು ಕಡೆಗೆ ಕೈ ತೋರಿಸಿದ್ದೇನೆ. 2022ರದು. ಎರಡು ದೊಡ್ಡ ಕೋರ್, ನಾಲ್ಕು ಸಣ್ಣ ಕೋರ್, ಒಟ್ಟು ಆರು. 'ಐ3 ಅಂದ್ರೆ ಕಮ್ಮಿ, ಐ5ನೇ ಬೇಕು' ಎಂಬ ಮಾತು ಈಗಲೂ ಕೇಳುತ್ತೇನೆ. ಎರಡೇ ಕೋರ್‌ನ ಹಳೆಯ ಐ5-7200ಯುಗಿಂತ ಈ ಐ3 ಎಷ್ಟೋ ಮುಂದಿದೆ. ಹಾಗೆಂದು ಎಲ್ಲ ಐ3 ಲ್ಯಾಪ್‌ಟಾಪ್‌ನಲ್ಲೂ ರ‍್ಯಾಮ್ ಸ್ಲಾಟ್ ಇರುತ್ತದೆ ಎಂದಲ್ಲ. ಒಂದೇ ಮಾಡೆಲ್‌ನಲ್ಲೂ ಬೇರೆ ಬೇರೆ ರೂಪ ಇರುತ್ತವೆ. ತಯಾರಕರ ವೆಬ್‌ಸೈಟ್‌ನಲ್ಲಿ ಪೂರ್ತಿ ಮಾಡೆಲ್ ನಂಬರ್ ಹಾಕಿ ಹುಡುಕಿ, ಮೆಮೊರಿ ಎಂಬ ಸಾಲು ಓದಿ. 'ಆನ್‌ಬೋರ್ಡ್' ಅಥವಾ 'ಸೋಲ್ಡರ್ಡ್' ಎಂದಿದ್ದರೆ ಬೆಸೆದದ್ದು. 'ಸೋ-ಡಿಮ್' ಎಂದಿದ್ದರೆ ಸ್ಲಾಟ್. ಅರ್ಧ ಬೆಸೆದು, ಒಂದು ಸ್ಲಾಟ್ ಖಾಲಿ ಬಿಟ್ಟಿರುವುದೂ ಉಂಟು. ಅದು ಮನೆ ಬಳಕೆಗೆ ಒಳ್ಳೆಯ ಏರ್ಪಾಡು.

ಎಷ್ಟು ರ‍್ಯಾಮ್ ಬೇಕು? ವಿಂಡೋಸ್ 11ಕ್ಕೆ 4 ಜಿಬಿ ಕನಿಷ್ಠ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಆ ಕನಿಷ್ಠವನ್ನು ಮರೆತುಬಿಡಿ. ಏನೂ ತೆರೆಯದೆ ಸುಮ್ನೆ ಇಟ್ಟರೂ ಅದು ಎರಡು ಮೂರು ಜಿಬಿ ಹಿಡಿದುಕೊಂಡಿರುತ್ತದೆ. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್, ಜೊತೆಗೊಂದು ವಿಡಿಯೊ ಕರೆ ಎಂದರೆ ಇನ್ನು ಮೂರ್ನಾಲ್ಕು ಜಿಬಿ. 8 ಜಿಬಿ ಇವತ್ತಿಗೆ ಸಾಕು. ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ 16ಕ್ಕೆ ಏರುವ ದಾರಿ ಇರಬೇಕು. ಸ್ಲಾಟ್ ಇದ್ದರೆ 8 ಕೊಂಡು ಸುಮ್ಮನಿರಿ. ಬೆಸೆದಿದ್ದರೆ ಈಗಲೇ 16 ಕೊಳ್ಳಿ, ಬೇಕಾದರೆ ಎಸ್‌ಎಸ್‌ಡಿ ಚಿಕ್ಕದಾಗಲಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯನ್ನು ಆಮೇಲೆ ದೊಡ್ಡದು ಮಾಡಬಹುದು.

256 ಜಿಬಿ ಎಸ್‌ಎಸ್‌ಡಿ ಕೊಂಡವರು ವಿಂಡೋಸ್‌ನಲ್ಲಿ 238 ಮಾತ್ರ ಕಂಡು ಗಾಬರಿಯಾಗುತ್ತಾರೆ. ನನಗೆ ಇದರ ಬಗ್ಗೆ ಎಷ್ಟೋ ಫೋನ್ ಬಂದಿವೆ. ಯಾರೂ ಕದ್ದಿಲ್ಲ. ತಯಾರಕರು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಲೆಕ್ಕ ಬೇರೆ, ಜಾಗ ಒಂದೇ.

ಪರದೆ

ಅಗ್ಗದ ಲ್ಯಾಪ್‌ಟಾಪ್‌ನಲ್ಲಿ ಕಂಪನಿಗಳು ಮೊದಲು ಉಳಿತಾಯ ಮಾಡುವುದು ಇಲ್ಲಿ. ಕೊಳ್ಳುವವರು ಕೊನೆಗೆ ನೋಡುವುದೂ ಇದನ್ನೇ. ದಿನಕ್ಕೆ ಮೂರು ಗಂಟೆ ಕಣ್ಣು ನೆಟ್ಟು ಕೂರುವುದು ಪ್ರೊಸೆಸರ್ ಮುಂದೆ ಅಲ್ಲ, ಪರದೆ ಮುಂದೆ. ಈ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ.

1366×768 ಪರದೆಯಲ್ಲಿ ಒಟ್ಟು ಹತ್ತೂವರೆ ಲಕ್ಷ ಚುಕ್ಕೆ. 1920×1080ರಲ್ಲಿ 20 ಲಕ್ಷ 73 ಸಾವಿರ. ಹತ್ತಿರ ಹತ್ತಿರ ಎರಡರಷ್ಟು. ಕನ್ನಡದ ಒತ್ತಕ್ಷರ, ದೀರ್ಘ, ಗುಣಿತದ ಕೊಂಬುಗಳು ಸಣ್ಣ ಅಕ್ಷರದಲ್ಲೂ ಬಿಡಿಬಿಡಿಯಾಗಿ ಕಾಣಬೇಕೆಂದರೆ ಈ ಚುಕ್ಕೆಗಳು ಬೇಕು. 15.6 ಇಂಚಿನ ಮೇಲೆ 1366×768 ಇಟ್ಟರೆ ಅಕ್ಷರದ ಅಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ.

ಎರಡನೆಯದು ಪ್ಯಾನೆಲ್, ಅಂದರೆ ಪರದೆ ಯಾವ ಬಗೆಯದು ಎಂಬುದು. ಟಿಎನ್ ಪ್ಯಾನೆಲ್ ಅಗ್ಗ. ನೇರ ಕೂತವರಿಗೆ ಪರವಾಗಿಲ್ಲ. ಸ್ವಲ್ಪ ಬಗ್ಗಿದರೆ, ಪಕ್ಕದಲ್ಲಿ ಇನ್ನೊಬ್ಬರು ಕೂತರೆ ಬಣ್ಣ ತಿರುಗಿಬಿಡುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪ್ ಒಬ್ಬರ ಸೊತ್ತಲ್ಲ. ಮೂರು ಜನ ಒಟ್ಟಿಗೆ ಕೂತು ವಿಡಿಯೊ ಕರೆ ಮಾಡುತ್ತಾರೆ. ಹಾಗಾಗಿ ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪ್ಯಾನೆಲ್ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ಪ್ಯಾನೆಲ್ ಯಾವುದು ಎಂದು ಬರೆದೇ ಇಲ್ಲದಿದ್ದರೆ ಟಿಎನ್ ಇರಬಹುದು ಎಂದೇ ತಿಳಿಯಿರಿ. ಬೆಳಕಿನ ಅಳತೆ ನಿಟ್ಸ್. ಅಗ್ಗದವು 220, 250ರಲ್ಲಿ ಇರುತ್ತವೆ. ಕೋಣೆಯೊಳಗೆ ಸಾಕು, ಕಿಟಕಿ ಪಕ್ಕ ಸಾಲದು. 300 ಇದ್ದರೆ ಹಗಲಲ್ಲಿ ಎಲ್ಲಿ ಬೇಕಾದರೂ ಕೂರಬಹುದು. ಬಣ್ಣದ ಸಾಲಿನಲ್ಲಿ '45% ಎನ್‌ಟಿಎಸ್‌ಸಿ' ಎಂದಿದ್ದರೆ ಫೋಟೊಗಳು ಪೇಲವವಾಗಿ ಕಾಣುತ್ತವೆ. ಈ ಬೆಲೆಯಲ್ಲಿ ಹೆಚ್ಚಿನವು ಹಾಗೇ ಇರುತ್ತವೆ. ಫೋಟೊ ತಿದ್ದುವ ಹವ್ಯಾಸ ಇಲ್ಲದಿದ್ದರೆ ಅಷ್ಟರಲ್ಲಿ ಒಪ್ಪಿಕೊಳ್ಳಬಹುದು.

ಒಂದು ರ‍್ಯಾಮ್ ಚಿಪ್ ಕಡಿಮೆಯಾದರೂ ಸರಿ, 1920×1080 ಐಪಿಎಸ್ ಪರದೆ ಬಿಡಬೇಡಿ. ಸ್ಲಾಟ್ ಇದ್ದರೆ ರ‍್ಯಾಮ್ ಆಮೇಲೆ ಬರುತ್ತದೆ.

ಕಂಪನಿಗಳು ಬಳಸಿ ಬಿಟ್ಟದ್ದು

ನನ್ನ ಒಲವು ಇರುವುದು ಇದರ ಕಡೆಗೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಅದಕ್ಕೆ ತಕ್ಕಂತೆ ತೂಗಿ ನೋಡಿ.

ದೊಡ್ಡ ಕಂಪನಿಗಳು ನೂರಾರು ಲ್ಯಾಪ್‌ಟಾಪ್ ಒಟ್ಟಿಗೆ ಕೊಳ್ಳುತ್ತವೆ. ಮೂರ್ನಾಲ್ಕು ವರ್ಷಕ್ಕೆ ವಾರಂಟಿ ಮುಗಿದಾಗ ಒಟ್ಟಿಗೇ ಬಿಡುತ್ತವೆ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಈ ಸಾಲಿನವು. ಹೊಸದಾಗಿ ಮಾರುವಾಗ ಇವುಗಳ ಬೆಲೆ ಮನೆ ಬಳಕೆಯ ಲ್ಯಾಪ್‌ಟಾಪ್‌ಗಿಂತ ಬಹಳ ಹೆಚ್ಚು. ಆ ದುಡ್ಡು ಹೋಗುವುದು ಮೈಕಟ್ಟಿಗೆ, ಕೀಲಿಗೆ, ಕೀಬೋರ್ಡಿಗೆ, ರಿಪೇರಿ ಸುಲಭವಾಗುವಂಥ ವಿನ್ಯಾಸಕ್ಕೆ. ಅಂದರೆ ನಾನು ಹೇಳಿದ ಮೊದಲ ಗುಂಪಿಗೆ. ಬಳಸಿದ್ದು ಅಂದಾಗ ಬೆಲೆ ಇಳಿಯುತ್ತದೆ, ಆ ಗುಣಗಳು ಇಳಿಯುವುದಿಲ್ಲ.

ಥಿಂಕ್‌ಪ್ಯಾಡ್ ಟಿ480 ಒಳ್ಳೆಯ ಉದಾಹರಣೆ. 2018ರದು. ಎರಡು ರ‍್ಯಾಮ್ ಸ್ಲಾಟ್, ಬದಲಾಯಿಸಬಹುದಾದ ಎಸ್‌ಎಸ್‌ಡಿ, ಹಿಂದಿನಿಂದ ಕಳಚಿ ಹಾಕಬಹುದಾದ ಬ್ಯಾಟರಿ, ಯುಎಸ್‌ಬಿ-ಸಿ ಚಾರ್ಜಿಂಗ್. 8ನೇ ತಲೆಮಾರಿನ ಇಂಟೆಲ್ ಇರುವುದನ್ನು ಆರಿಸಿದರೆ ವಿಂಡೋಸ್ 11 ನಡೆಯುತ್ತದೆ. ಅದಕ್ಕಿಂತ ಒಂದು ವರ್ಷ ಹಿಂದಿನ ಟಿ470 ನೋಡಲು ಹೆಚ್ಚುಕಡಿಮೆ ಅದೇ ಥರ. ಆದರೆ 6ನೇ, 7ನೇ ತಲೆಮಾರು. ವಿಂಡೋಸ್ 11ರ ಗೆರೆಯ ಆಚೆ. 8ನೇ ತಲೆಮಾರಿನಲ್ಲೇ ಇಂಟೆಲ್ ಈ ಬಗೆಯ ಐ5ಗಳಿಗೆ ಎರಡರ ಬದಲು ನಾಲ್ಕು ಕೋರ್ ಕೊಟ್ಟಿತು. ಹೀಗಾಗಿ ಟಿ470 ಮತ್ತು ಟಿ480 ನಡುವೆ ಬೆಲೆಯ ವ್ಯತ್ಯಾಸ ಸ್ವಲ್ಪವೇ ಇದ್ದರೂ ಎರಡು ದೊಡ್ಡ ಗೆರೆಗಳು ಒಂದೇ ಜಾಗದಲ್ಲಿ ಬೀಳುತ್ತವೆ. ಲ್ಯಾಟಿಟ್ಯೂಡ್ 7490, ಎಲೈಟ್‌ಬುಕ್ 840 ಜಿ5 ಕೂಡ 8ನೇ ತಲೆಮಾರಿನ ಪ್ರೊಸೆಸರ್ ಜೊತೆ ಗೆರೆಯ ಈಚೆಗೆ ಸಿಗುತ್ತವೆ. 10ನೇ, 11ನೇ ತಲೆಮಾರಿನದು ಕೈಗೆಟುಕಿದರೆ ಇನ್ನೂ ಒಳ್ಳೆಯದು, ಹೆಚ್ಚು ವರ್ಷ ಬಾಳುತ್ತದೆ.

ಒಂದು ಎಚ್ಚರಿಕೆ. ಹೆಸರು ಹತ್ತಿರವಿದೆ ಎಂದು ಒಳಗೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ. ಟಿ480ರಲ್ಲಿ ಎರಡು ಸ್ಲಾಟ್ ಇದ್ದರೆ, ತೆಳ್ಳಗಿನ ಟಿ480ಎಸ್‌ನಲ್ಲಿ ಒಂದು ಬೆಸೆದದ್ದು, ಒಂದು ಸ್ಲಾಟ್. ಎಕ್ಸ್1 ಕಾರ್ಬನ್‌ನಲ್ಲಿ ಪೂರ್ತಿ ಬೆಸೆದದ್ದು. ಈ ಕಂಪನಿ ಲ್ಯಾಪ್‌ಟಾಪ್‌ಗಳಲ್ಲೂ 1366×768 ಟಿಎನ್ ಪರದೆಯವು ಬೇಕಾದಷ್ಟು ಇವೆ. ಚಿತ್ರ ನೋಡಿ ಕೊಳ್ಳಬೇಡಿ, ಪರದೆಯ ವಿವರ ಕೇಳಿ ಕೊಳ್ಳಿ.

ಬಳಸಿದ್ದನ್ನು ಕೊಳ್ಳುವಾಗ ಭಯವಿರುವುದು ಸಹಜ. ಅದನ್ನು ಕಳೆಯಲು ಮೂರು ಪರೀಕ್ಷೆ ಸಾಕು.

ಮೊದಲನೆಯದು ಬ್ಯಾಟರಿ. ವಿಂಡೋಸ್‌ನಲ್ಲಿ 'ಬ್ಯಾಟರಿ ರಿಪೋರ್ಟ್' ಎಂದು ತೆಗೆಯುವ ಸೌಲಭ್ಯ ಇದೆ. ಅದರಲ್ಲಿ ಎರಡು ಅಂಕಿ ನೋಡಿ, 'ಡಿಸೈನ್ ಕೆಪಾಸಿಟಿ' ಮತ್ತು 'ಫುಲ್ ಚಾರ್ಜ್ ಕೆಪಾಸಿಟಿ'. ಹುಟ್ಟಿದಾಗ 50 ಇದ್ದದ್ದು ಈಗ 40 ಇದ್ದರೆ ನೂರಕ್ಕೆ 80 ಉಳಿದಿದೆ ಎಂದರ್ಥ. 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಒಟ್ಟು ಲೆಕ್ಕಕ್ಕೆ ಸೇರಿಸಿಕೊಂಡೇ ಚೌಕಾಸಿ ಮಾಡಿ. ಟಚ್‌ಪ್ಯಾಡ್ ಉಬ್ಬಿದ ಹಾಗಿದ್ದರೆ, ತಳ ಸಮವಾಗಿ ಕೂರದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಅಲ್ಲೇ ಬಿಟ್ಟು ಬನ್ನಿ.

ಎರಡನೆಯದು ಬೀಗ. ಕಂಪನಿಯ ಲ್ಯಾಪ್‌ಟಾಪ್‌ಗಳಿಗೆ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಪಾಸ್‌ವರ್ಡ್ ಇರಬಹುದು. ಕೆಲವು ಇನ್ನೂ ಹಳೆಯ ಕಂಪನಿಯ ನಿಯಂತ್ರಣ ವ್ಯವಸ್ಥೆಯಲ್ಲಿ ನೋಂದಣಿಯಾಗಿಯೇ ಉಳಿದಿರುತ್ತವೆ. ಕೊಳ್ಳುವ ಮೊದಲು ಬಯೋಸ್ ತೆರೆದು ನೋಡಿ. ವಿಂಡೋಸ್ ಅನ್ನು ಮೊದಲಿನಿಂದ ಹಾಕಿ, ಇಂಟರ್‌ನೆಟ್ ಜೋಡಿಸಿದಾಗ ಯಾವುದೋ ಕಂಪನಿಯ ಹೆಸರಿನ ಲಾಗಿನ್ ಪುಟ ಬಂದರೆ ಅದು ನಿಮ್ಮದಾಗುವುದಿಲ್ಲ.

ಮೂರನೆಯದು ಬಿಸಿ. ಹದಿನೈದು ನಿಮಿಷ ಒಂದು ವಿಡಿಯೊ ಓಡಿಸಿ. ಫ್ಯಾನ್ ಕೂಗುತ್ತಲೇ ಇದ್ದರೆ ಒಳಗೆ ಧೂಳು ಕಟ್ಟಿದೆ, ಇಲ್ಲವೇ ಪ್ರೊಸೆಸರ್‌ನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದೆ. ಇದು ಸರಿಮಾಡಬಹುದಾದ ಕೆಲಸ, ಬೆಲೆ ಇಳಿಸಲು ಒಳ್ಳೆಯ ಕಾರಣವೂ ಹೌದು.

'ರಿಫರ್ಬಿಶ್ಡ್' ಎಂಬ ಮಾತಿಗೆ ಅರ್ಥ ಮಾರುವವರ ಮೇಲೆ ನಿಂತಿದೆ. ಒಬ್ಬರು ಬ್ಯಾಟರಿ ಬದಲಾಯಿಸಿ, ಪೇಸ್ಟ್ ಹಾಕಿ, ಕೀಬೋರ್ಡ್ ಪರೀಕ್ಷಿಸಿ ಕೊಡುತ್ತಾರೆ. ಇನ್ನೊಬ್ಬರು ಒರೆಸಿ ಸ್ಟಿಕ್ಕರ್ ಅಂಟಿಸುತ್ತಾರೆ. ಏನೇನು ಬದಲಾಯಿಸಿದ್ದಾರೆ ಎಂದು ಬರಹದಲ್ಲಿ ಕೇಳಿ. ವಾಪಸ್ ಕೊಡಲು ಕೆಲವು ದಿನ ಮತ್ತು ಕನಿಷ್ಠ ಆರು ತಿಂಗಳ ವಾರಂಟಿ ಇಲ್ಲದ ಕಡೆ ನಾನು ಕೊಳ್ಳುವುದಿಲ್ಲ.

ಬಳಸಿದ ಮ್ಯಾಕ್‌ಬುಕ್ ಏರ್ ಬಗ್ಗೆಯೂ ಜನ ಕೇಳುತ್ತಾರೆ. 2020ರ ಕೊನೆಯಲ್ಲಿ ಬಂದ ಎಂ1 ಮಾಡೆಲ್ ಇವತ್ತಿಗೂ ಚುರುಕು. ಫ್ಯಾನ್ ಇಲ್ಲ, ಸದ್ದಿಲ್ಲ, ಪರದೆ ಈ ಪಟ್ಟಿಯಲ್ಲೇ ಒಳ್ಳೆಯದು, ಬ್ಯಾಟರಿ ದಿನವಿಡೀ ಬರುತ್ತದೆ. ಆದರೆ ರ‍್ಯಾಮ್, ಸ್ಟೋರೇಜ್ ಎರಡೂ ಬೆಸೆದವು. ಕೊಂಡದ್ದೇ ಕೊನೆ. 2015, 2017ರ ಇಂಟೆಲ್ ಮ್ಯಾಕ್‌ಬುಕ್ ಅಗ್ಗಕ್ಕೆ ಸಿಕ್ಕಿತೆಂದು ತೆಗೆದುಕೊಳ್ಳಬೇಡಿ. ಹಳೆಯ ಮಾಲೀಕರು ತಮ್ಮ ಆ್ಯಪಲ್ ಅಕೌಂಟ್‌ನಿಂದ ಹೊರಬಂದಿದ್ದಾರೆಯೇ ಎಂದು ಅವರ ಎದುರಿಗೇ ನೋಡಿ. ಇಲ್ಲದಿದ್ದರೆ ಅದು ಬೀಗ ಹಾಕಿದ ಪೆಟ್ಟಿಗೆ.

ಕ್ರೋಮ್‌ಬುಕ್ ಯಾರಿಗೆ

ಬ್ರೌಸರ್‌ನಲ್ಲೇ ಎಲ್ಲ ಕೆಲಸ ಮುಗಿಯುವವರಿಗೆ. ನಿಜವಾಗಿಯೂ ಎಲ್ಲವೂ ಮುಗಿಯುತ್ತದೆಯೇ ಎಂದು ಒಂದು ವಾರ ಗಮನಿಸಿ. ಮೇಲ್, ವಿಡಿಯೊ, ಓದು, ಗೂಗಲ್ ಡಾಕ್ಸ್, ಬ್ಯಾಂಕಿನ ವೆಬ್‌ಸೈಟ್ ಇಷ್ಟೇ ಆದರೆ 4 ಜಿಬಿಯ ಕ್ರೋಮ್‌ಬುಕ್ ಕೂಡ 4 ಜಿಬಿಯ ವಿಂಡೋಸ್‌ಗಿಂತ ಹಗುರವಾಗಿ ನಡೆಯುತ್ತದೆ. ವೈರಸ್ ತಲೆನೋವು ಕಡಿಮೆ. ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ಒಗ್ಗುತ್ತದೆ.

ಎಲ್ಲಿ ಕೈಕೊಡುತ್ತದೆ? ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಲೆಕ್ಕಪತ್ರದ ವಿಂಡೋಸ್ ಸಾಫ್ಟ್‌ವೇರ್, ಮಕ್ಕಳ ಕಾಲೇಜು ಹೇಳುವ ಯಾವುದೋ ಒಂದು ಪ್ರೋಗ್ರಾಂ, ಹಳೆಯ ಪ್ರಿಂಟರ್. ಇವುಗಳಲ್ಲಿ ಒಂದೇ ಒಂದು ಬೇಕಾದರೂ ಮನೆಯ ಏಕೈಕ ಲ್ಯಾಪ್‌ಟಾಪ್ ಆಗಿ ಕ್ರೋಮ್‌ಬುಕ್ ಬೇಡ.

ಇನ್ನೊಂದು ಅಂಶ ದಿನಾಂಕ. 2021 ಮತ್ತು ಆಮೇಲೆ ಬಂದ ಕ್ರೋಮ್‌ಬುಕ್‌ಗಳಿಗೆ 10 ವರ್ಷ ಅಪ್‌ಡೇಟ್ ಸಿಗುತ್ತದೆ ಎಂದು ಗೂಗಲ್ ಹೇಳಿದೆ. ಆ ಎಣಿಕೆ ನೀವು ಕೊಂಡ ದಿನದಿಂದ ಶುರುವಾಗುವುದಿಲ್ಲ, ಆ ಬಗೆಯ ಯಂತ್ರ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ. ಅಂಗಡಿಯಲ್ಲಿ ಎರಡು ಮೂರು ವರ್ಷ ಕೂತ ಮಾಡೆಲ್ ಆದರೆ ಅಷ್ಟು ವರ್ಷ ಆಗಲೇ ಕಳೆದಿರುತ್ತದೆ. ಅಪ್‌ಡೇಟ್ ಮುಗಿಯುವ ತಿಂಗಳನ್ನು ಗೂಗಲ್‌ನ ಪಟ್ಟಿಯಲ್ಲಿ ನೋಡಿಯೇ ಕೊಳ್ಳಿ.

ನಾನು ಯಾರಿಗೆ ಯಾವುದು ಹೇಳುತ್ತೇನೆ

ಮನೆಯಲ್ಲಿ ಮೇಜಿನ ಮೇಲೇ ಇರುವ, ಎಲ್ಲರೂ ಸರದಿಯಲ್ಲಿ ಬಳಸುವ ಲ್ಯಾಪ್‌ಟಾಪ್ ಬೇಕೆಂದರೆ ಕಂಪನಿ ಬಳಸಿ ಬಿಟ್ಟ 14 ಇಂಚಿನದು. ಐಪಿಎಸ್ ಪರದೆ, 8ನೇ ತಲೆಮಾರು ಅಥವಾ ಮೇಲೆ, ಹೊಸ ಬ್ಯಾಟರಿ. ಉಳಿದ ದುಡ್ಡಿಗೆ ರ‍್ಯಾಮ್ 16 ಮಾಡಿಸಿ.

ಕಾಲೇಜಿಗೆ ಹೊತ್ತುಕೊಂಡು ಹೋಗುವ ಮಗ ಅಥವಾ ಮಗಳಿಗೆ, ನಾಲ್ಕು ವರ್ಷ ಬಾಳಬೇಕು ಎಂದರೆ ಒಂದು ಮೆಟ್ಟಿಲು ಮೇಲಿನ ಹೊಸದು. ಹಗುರ ಇರುತ್ತದೆ, ಹೊಸ ಬ್ಯಾಟರಿ, ವಾರಂಟಿ ಇರುತ್ತದೆ. ರಿಪೇರಿಗೆ ಓಡಾಡುವ ವ್ಯವಧಾನ, ಆಸಕ್ತಿ ಯಾರಿಗೂ ಇಲ್ಲದ ಮನೆಗೂ ಇದೇ ಸರಿ. ಬಳಸಿದ್ದನ್ನು ಕೊಂಡರೆ ಸ್ವಲ್ಪ ಕೈಹಾಕಿ ನೋಡುವ ಮನಸ್ಸು ಬೇಕು. ಅದಿಲ್ಲದವರನ್ನು ನಾನು ಒತ್ತಾಯಿಸುವುದಿಲ್ಲ.

ವಾರಕ್ಕೆರಡು ಸಲ ತೆರೆದು ಮೇಲ್ ನೋಡುವವರಿಗೆ ಕ್ರೋಮ್‌ಬುಕ್, ಇಲ್ಲವೇ ಇರುವ ಹಳೆಯದಕ್ಕೇ ಎಸ್‌ಎಸ್‌ಡಿ. ಅಗ್ಗದ ಇಎಂಎಂಸಿ ವಿಂಡೋಸ್ ಲ್ಯಾಪ್‌ಟಾಪ್ ಅನ್ನು ನಾನು ಯಾರಿಗೂ ಹೇಳುವುದಿಲ್ಲ. ಅಷ್ಟೇ ಬೆಲೆಗೆ ಉಳಿದ ನಾಲ್ಕು ದಾರಿಗಳಲ್ಲಿ ಒಂದಾದರೂ ತೆರೆದಿರುತ್ತದೆ.

ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂಬ ಜಾಹೀರಾತಿನ ಮಾತನ್ನು ಬಿಟ್ಟು ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ನೋಡಿ. ಬ್ರೌಸರ್, ಟೈಪಿಂಗ್ ಕೆಲಸಕ್ಕೆ ಇಂಥ ಲ್ಯಾಪ್‌ಟಾಪ್ ಗಂಟೆಗೆ ಏಳೆಂಟು ವ್ಯಾಟ್-ಅವರ್ ತಿನ್ನುತ್ತದೆ. 42 ಇದ್ದರೆ ಐದಾರು ಗಂಟೆ. ಸದಾ ಪ್ಲಗ್‌ನಲ್ಲೇ ಇಟ್ಟು ಬಳಸುವುದಾದರೆ 80%ಗೆ ಚಾರ್ಜ್ ನಿಲ್ಲಿಸುವ ಆಯ್ಕೆ ಹೆಚ್ಚಿನವುಗಳಲ್ಲಿ ಇದೆ, ಹಾಕಿಡಿ. ಯುಎಸ್‌ಬಿ-ಸಿಯಿಂದ ಚಾರ್ಜ್ ಆಗುವುದಾದರೆ ಚಾರ್ಜರ್ ಹಾಳಾದಾಗ ಅದೇ ಕಂಪನಿಯದ್ದನ್ನು ಹುಡುಕಿ ಅಲೆಯಬೇಕಿಲ್ಲ.

ತಂದ ದಿನ

ಮೊದಲ ವಾರ ಬಹಳ ಮುಖ್ಯ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಎಲ್ಲವನ್ನೂ ಮುಟ್ಟಿ ನೋಡಬೇಕು. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಸತ್ತ ಚುಕ್ಕೆ ಇದೆಯೇ ನೋಡಿ. ನೋಟ್‌ಪ್ಯಾಡ್ ತೆರೆದು ಒಂದೊಂದು ಕೀಯನ್ನೂ ಒತ್ತಿ, ಮೂಲೆಯ ಬಾಣದ ಗುರುತುಗಳನ್ನೂ ಬಿಡಬೇಡಿ. ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಪೆನ್‌ಡ್ರೈವ್ ಹಾಕಿ. ಮನೆಯ ವೈಫೈನಿಂದ ದೂರದ ಕೋಣೆಯಲ್ಲಿ ಕೂತು ಅರ್ಧ ಗಂಟೆ ವಿಡಿಯೊ ಕರೆ ಮಾಡಿ. ಕ್ಯಾಮೆರಾ, ಮೈಕ್, ಸ್ಪೀಕರ್, ವೈಫೈ ನಾಲ್ಕೂ ಒಂದೇ ಸಲ ಪರೀಕ್ಷೆಯಾಗುತ್ತವೆ. ಮುಚ್ಚಳವನ್ನು ಒಂದು ಮೂಲೆ ಹಿಡಿದು ಎತ್ತಿ. ಕೀಲಿನ ಹತ್ತಿರ ಪ್ಲಾಸ್ಟಿಕ್ ಕಿರ್ ಅಂದರೆ, ಬಾಯಿ ಬಿಟ್ಟರೆ, ಅದು ಮುಂದೆ ಒಡೆಯುವ ಜಾಗ.

ಹೊಸದಿರಲಿ, ಹಳೆಯದಿರಲಿ, ಅದೇ ದಿನ ಬ್ಯಾಟರಿ ರಿಪೋರ್ಟ್ ತೆಗೆದು ಉಳಿಸಿಡಿ. ಫೈಲ್ ಹೆಸರಿನಲ್ಲಿ ತಾರೀಖು ಹಾಕಿ. ಜೊತೆಗೆ ಬಿಲ್ಲಿನ ಫೋಟೊ, ತಳದಲ್ಲಿರುವ ಸೀರಿಯಲ್ ನಂಬರ್‌ನ ಫೋಟೊ. ಇವನ್ನು ಆ ಲ್ಯಾಪ್‌ಟಾಪ್‌ನೊಳಗೆ ಮಾತ್ರ ಇಡಬೇಡಿ, ನಿಮ್ಮ ಮೇಲ್‌ಗೂ ಕಳಿಸಿಕೊಳ್ಳಿ.